ಶಾಲಿ ಬಂದ್, ಬಾಗಿಲಾನೂ ಬಂದ್: ಮನೆಯೊಳಗೆ ಸಿಕ್ಕಿಕೊಂಡ ಮಕ್ಕಳ ಹಿಸ್ಟರಿ



ಇವತ್ತು ಒಂದು ತಾರೀಖಿನಿಂದ ಶುರು ಮಾಡೋಣ. 2021ರ ಅಕ್ಟೋಬರ್ 25, ಸೋಮವಾರ. ಅವತ್ತು ಕರ್ನಾಟಕದಲ್ಲಿ 1ರಿಂದ 5ನೇ ಕ್ಲಾಸಿನ ಮಕ್ಕಳಿಗೆ ಶಾಲೆ ಮತ್ತೆ ತೆರೀತು. ಮುಚ್ಚಿದ್ದು ಯಾವಾಗ? 2020ರ ಮಾರ್ಚ್ ಮಧ್ಯದಲ್ಲಿ. ಲೆಕ್ಕ ಹಾಕಿ, 19 ತಿಂಗಳು ದಾಟಿತ್ತು. ಮದ್ಯದಂಗಡಿ 2020ರ ಮೇ 4ಕ್ಕೇ ತೆಗೆದಿದ್ವು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಅದೇ ಜೂನಲ್ಲಿ ಆಯ್ತು. 9ನೇ ಕ್ಲಾಸಿನಿಂದ ಮೇಲಿನವರು 2021ರ ಆಗಸ್ಟಲ್ಲಿ, 6ರಿಂದ 8ನೇ ಕ್ಲಾಸಿನವರು ಸೆಪ್ಟೆಂಬರಲ್ಲಿ ಶಾಲೆಗೆ ಹೋದ್ರು. ಸಣ್ಣವರು ಲಾಸ್ಟು. ಅವರಿಗಿಂತ ಸಣ್ಣವರು, ಅಂಗನವಾಡಿಯವರು, ನವೆಂಬರ್ 8ರವರೆಗೆ ಕಾದ್ರು.

ಆ 19 ತಿಂಗಳು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಆರು ವರ್ಷದ, ಏಳು ವರ್ಷದ ಮಗು ಮನೆಯಲ್ಲಿ ಏನು ಮಾಡ್ತು? ಇದು ಇವತ್ತಿನ ಪ್ರಶ್ನೆ. ಆಗ ನಮ್ಮ ಫೋನ್ ತುಂಬ ರೀಲ್ಸು, ವಾಟ್ಸಾಪ್ ಫಾರ್ವರ್ಡು: ಮಕ್ಕಳನ್ನ ಎಂಗೇಜ್ ಮಾಡೋಕೆ 50 ಐಡಿಯಾ, ಬಾಲ್ಕನಿಯಲ್ಲಿ ಆಡಿಸೋಕೆ 20 ಆಟ. ನಮ್ಮ ಕಡೆ ಬಾಲ್ಕನಿ ಎಲ್ಲೈತ್ರೀ? ಕಟ್ಟಿ ಐತಿ, ಪಡಸಾಲಿ ಐತಿ. ನಾನು ಬಿ.ಕಾಂ. ಮಾಡಿದವನು. ಹೊಸ ಖರ್ಚು ಕಂಡ ತಕ್ಷಣ ಹಳೇ ಲೆಡ್ಜರ್ ತೆಗೆದು, ಇಂಥದ್ದು ಮುಂಚೆ ಯಾವಾಗ ಬಂದಿತ್ತು ಅಂತ ನೋಡೋದು ಚಟ. ಮಕ್ಕಳು ಮನೆಯಲ್ಲೇ ಕೂಡಬೇಕಾಗಿ ಬಂದ ಎಂಟ್ರಿಗಳು ನಮ್ಮ ಕಡೆ ಹಳೇ ಪುಟಗಳಲ್ಲೂ ಇದಾವೆ.

ಮೊದಲನೇದು ಸ್ವಲ್ಪ ಉಲ್ಟಾ. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. 1897ರಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂತು (2020ರಲ್ಲಿ ನಮ್ಮನ್ನ ಮನೆಯಲ್ಲಿ ಕೂರಿಸೋಕೆ ಕೈಗೆತ್ತಿಕೊಂಡಿದ್ದೂ ಇದೇ ಕಾಯ್ದೆ). 1898ರ ಹೊತ್ತಿಗೆ ಹುಬ್ಬಳ್ಳಿ, ಧಾರವಾಡದಲ್ಲಿ ಪ್ಲೇಗ್ ಜೋರು. ಆಗ ನಮ್ಮ ಮೂರೂ ಊರು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯವು. ಹಾವೇರಿ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಹುಬ್ಬಳ್ಳಿಯಿಂದ ಹರಿಹರದ ಕಡೆ ಹೋಗೋ ರೈಲು ಹಳಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರನ್ನೂ ಮುಟ್ಟಿಕೊಂಡೇ ಹೋಗ್ತದೆ. ಹತ್ತಿ, ಕಾಳು, ಮೆಣಸಿನಕಾಯಿ ಓಡಾಡೋ ದಾರಿಯಲ್ಲಿ ಇಲಿ, ಚಿಗಟ ಓಡಾಡೋದಕ್ಕೆ ಟಿಕೆಟ್ ಬೇಕಾಗಿರಲಿಲ್ಲ.

ಆ ಕಾಲದ ಉಪಾಯ ನೋಡಿ: ಇಲಿ ಸತ್ತು ಬಿದ್ದರೆ ಊರು ಬಿಡು. ಮನೆ ಖಾಲಿ ಮಾಡಿ ಹೊಲದಾಗ ಗುಡಿಸಲು ಹಾಕು. ಅಂದ್ರೆ ಪ್ಲೇಗಿನಲ್ಲಿ ಅಪಾಯ ಇದ್ದದ್ದು ಮನೆಯೊಳಗೆ, ಮಕ್ಕಳಿಗೆ ಹೇಳಿದ್ದು “ಒಳಗ ಹೋಗಬ್ಯಾಡ” ಅಂತ. ಕೊರೋನಾದಲ್ಲಿ ಅದೇ ಊರಿನ ಮಕ್ಕಳಿಗೆ “ಹೊರಗ ಹೋಗಬ್ಯಾಡ” ಅಂದ್ವಿ. ಸಾವು ನೋವಿನಲ್ಲಿ ಪ್ಲೇಗಿನದ್ದು ಭೀಕರ ಕಾಲ, ಅದನ್ನ ಚಂದ ಮಾಡಿ ಹೇಳೋಕೆ ಬರಲ್ಲ. ಆದ್ರೆ ಒಂದು ಮಾತ್ರ ನಿಜ, ಗುಡಿಸಲಿನ ಮಗುಗೆ ಓಡೋಕೆ ಜಾಗ ಇತ್ತು.

ಒಳಗೇ ಮಲಗಬೇಕಾಗಿದ್ದು ಸಿಡುಬಿನಲ್ಲಿ. ನಮ್ಮ ಕಡೆ ಮೈಲಿ ಅಂತಿದ್ರು, ಅಮ್ಮ ಬಂದಾಳ ಅಂತಿದ್ರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಗುವನ್ನ ಒಂದು ಮೂಲೆಯಲ್ಲಿ ಮಲಗಿಸಿ, ಯಾರೂ ಗದರಿಸಿ ಮಾತಾಡ್ತಿರಲಿಲ್ಲ. ಮೈಮೇಲೆ ಇರೋದು ದೇವಿ ಅಲ್ವಾ, ಬೈಯೋಕೆ ಬರ್ತದಾ? ಇದನ್ನ ಮೂಢನಂಬಿಕೆ ಅಂತ ಒಂದೇ ಪದದಲ್ಲಿ ಮುಗಿಸಬಹುದು. ಆದ್ರೆ ಮನೆಯವರ ಕೆಲಸ ಏನಿತ್ತು ಅಂತ ಗಮನಿಸಿ. ಗುಳ್ಳೆ ತುರಿಸ್ತವೆ, ಮಗು ಕೆರೆದುಕೊಂಡ್ರೆ ಗಾಯ. ಅದಕ್ಕೆ ಕೈಗೆ ಬೇವಿನ ಟೊಂಗೆ ಕೊಟ್ಟು, ಪಕ್ಕದಲ್ಲಿ ಒಬ್ಬ ಅಜ್ಜಿ ಕೂತು ಕತೆ ಹೇಳೋದು. ಕೈಗೊಂದು ಕೆಲಸ, ಕಿವಿಗೊಂದು ಕತೆ. ಸಿಡುಬು ಎಷ್ಟೋ ಮಕ್ಕಳ ಕಣ್ಣು ತೆಗೀತು, ಜೀವ ತೆಗೀತು. ಭಾರತದಲ್ಲಿ ಕೊನೇ ಕೇಸ್ ಕಂಡಿದ್ದು 1975ರಲ್ಲಿ, ಲಸಿಕೆಯ ಪುಣ್ಯ.

ರೋಗ ಬಿಡಿ. ಪ್ರತಿ ವರ್ಷ ಮಕ್ಕಳನ್ನ ಒಳಗೆ ಕೂರಿಸ್ತಿದ್ದ ಇನ್ನೊಂದು ಸಂಗತಿ ಇತ್ತು, ಮಳೆ. ಇಲ್ಲೇ ನಮ್ಮ ಕಡೆಯವರ ನಿಜವಾದ ಜಾಣತನ ಇರೋದು, ಸ್ವಲ್ಪ ನಿಧಾನಕ್ಕೆ ಹೇಳ್ತೀನಿ.

ಮುಂಗಾರು ಹಿಡೀತು ಅಂದ್ರೆ ದೊಡ್ಡವರು ಬಿತ್ತನೆಗೆ ಹೋಗ್ತಾರೆ, ಅಂಗಳದಲ್ಲಿ ಕೆಸರು, ಮಕ್ಕಳು ಪಡಸಾಲೆಯಲ್ಲಿ. ಆಗ ಶುರು ಆಗೋದು ಮಣ್ಣಿನ ಹಬ್ಬಗಳ ಸಾಲು. ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾಸಿ. ಎರಿಮಣ್ಣು ತಂದು, ನೀರು ಹಾಕಿ ಕಲಸಿ, ಎತ್ತು ಮಾಡೋದು, ಅದರ ಮುಂದೆ ಗ್ವಾದಲಿ ಮಾಡೋದು. ಆಷಾಢದಲ್ಲಿ ಪ್ರತಿ ಮಂಗಳವಾರ ಗುಳ್ಳವ್ವ. ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನಿಗೆ ಕುಸುಬಿ ಕಾಳು, ಗುಲಗಂಜಿ ಚುಚ್ಚಿ ಸಿಂಗಾರ ಮಾಡ್ತಾರೆ. (ಯಾರಾದ್ರೂ ಈಗ ಮಾಡಿಸ್ತೀರಿ ಅಂದ್ರೆ ಗುಲಗಂಜಿ ಸಣ್ಣ ಮಕ್ಕಳ ಕೈಗೆ ಕೊಡಬೇಡಿ, ಅದು ವಿಷದ ಬೀಜ.) ಶ್ರಾವಣಕ್ಕೆ ನಾಗಪ್ಪ. ಭಾದ್ರಪದಕ್ಕೆ ಗಣಪ್ಪ, ಆಮೇಲೆ ಜೋಕುಮಾರ.

ಇದನ್ನ ಬರೀ ಹಬ್ಬದ ಪಟ್ಟಿ ಅಂತ ನೋಡಬೇಡಿ, ಒಂದು ಸಿಲಬಸ್ ಅಂತ ನೋಡಿ. ಎತ್ತು ಅಂದ್ರೆ ಒಂದು ಉಂಡೆ, ನಾಲ್ಕು ದಪ್ಪ ಕಾಲು, ಎರಡು ಕೊಂಬು. ಐದು ವರ್ಷದ ಮಗುಗೂ ಬರ್ತದೆ. ಗುಳ್ಳವ್ವನಿಗೆ ಕಾಳನ್ನ ಸಾಲಾಗಿ ಚುಚ್ಚಬೇಕು, ಅಲ್ಲಿ ಬೆರಳಿನ ತುದಿಯ ಕೆಲಸ, ಎಣಿಕೆ. ನಾಗಪ್ಪನ ಹೆಡೆ ನಿಲ್ಲಬೇಕು, ಅಲ್ಲಿ ತೂಕದ ಅಂದಾಜು. ಗಣಪ್ಪನ ಸೊಂಡಿಲು ಕಷ್ಟ, ಅದಕ್ಕೆ ಅದು ಕೊನೆಗೆ. ಯಾರೂ ಹೀಗೆ ಪ್ಲಾನ್ ಮಾಡಿ ಕೂತು ಬರೆದಿದ್ದಲ್ಲ, ಆದ್ರೂ ಕೆಲಸ ಹಂತ ಹಂತವಾಗಿ ಕಠಿಣ ಆಗ್ತಾ ಹೋಗ್ತದೆ. ಒಂದು ಮುಗಿಯೋದ್ರೊಳಗೆ ಇನ್ನೊಂದರ ತಾರೀಖು ಕಾಣ್ತದೆ. ಮಗು ದಿನ ಎಣಿಸ್ತದೆ. ಈಗ ಮೋಟಿವೇಶನ್ ಅಂತೀವಲ್ಲ, ಅದು ಇದೇ.

ಅದರಲ್ಲೂ ನನಗೆ ಬಹಳ ಇಷ್ಟ ಆಗೋದು ಮಣ್ಣೆತ್ತಿನ ಅಮಾಸಿಯ ಮಾರನೇ ದಿನ. ಮಕ್ಕಳು ಕಾಲು ಮುರಿದ ಎತ್ತನ್ನ ಇಟ್ಕೊಂಡು ಮನೆ ಮನೆಗೆ ಹೋಗ್ತಾರೆ. ಕುಂಟೆತ್ತು ಬಂದೈತಿ, ಜ್ವಾಳ ನೀಡ್ರಿ ಅಂತ. ಬಂದ ಕಾಳಿನಿಂದ, ದುಡ್ಡಿನಿಂದ ಎಲ್ಲಾ ಸೇರಿ ಏನಾದ್ರೂ ಮಾಡ್ಕೊಂಡು ತಿಂತಾರೆ. ಮಗು ಮಾಡಿದ ಎತ್ತಿನ ಕಾಲು ಮುರೀದೇ ಇರೋದಿಲ್ಲ. ಮುರಿದದ್ದಕ್ಕೇ ಒಂದು ಪಾತ್ರ ಕೊಟ್ಟಿದಾರೆ.

ಇದರಲ್ಲಿ ಮೈಗೆ ಕೆಲಸ ಎಲ್ಲಿ ಅಂತ ಕೇಳಬಹುದು. ಅದಕ್ಕೆ ಪಂಚಮಿ. ಮನೆಯ ತೊಲೆಗೆ ಹಗ್ಗ ಬಿಗಿದು ಜೋಕಾಲಿ. ಕೊಬ್ಬರಿ ಬಟ್ಟಲಕ್ಕೆ ದಾರ ಪೋಣಿಸಿ ಗಿರಗಿರ ತಿರುಗಿಸೋ ಆಟ, ಭುಜ ನೋಯೋವರೆಗೂ ಬಿಡಲ್ಲ. ಶಾಬಾದಿ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಕುಂಟಾಬಿಲ್ಲಿ.

ಅದೇ ನೆಲದ ಮೇಲೆ ಚೌಕಾಬಾರ. ಐದು ಮನೆ ಅಗಲ, ಐದು ಮನೆ ಉದ್ದ. ನಾಲ್ಕು ಕವಡೆ. ಕವಡೆ ಇಲ್ಲ ಅಂದ್ರೆ ಹುಣಸೆಬೀಜವನ್ನ ಕಲ್ಲಿಗೆ ಉಜ್ಜಿ ಒಂದು ಬದಿ ಬೆಳ್ಳಗೆ ಮಾಡ್ಕೊಳ್ಳೋದು, ಆ ಉಜ್ಜೋ ಕೆಲಸವೇ ಅರ್ಧ ಮಧ್ಯಾಹ್ನ ತಿಂತದೆ. ನಾಲ್ಕೂ ಮೇಲಾಗಿ ಬಿದ್ರೆ ಚೌಕ, ನಾಲ್ಕು ಮನೆ. ನಾಲ್ಕೂ ಕವುಚಿ ಬಿದ್ರೆ ಬಾರ, ಎಂಟು. ಎದುರಿನವರ ಕಾಯಿ ಕಡಿದ ಮೇಲೇ ಒಳಮನೆಗೆ ದಾರಿ. ಆರು ವರ್ಷದ ಮಗು ಇದನ್ನ ಆಡ್ತದೆ ಅಂದ್ರೆ ನೋಡಿ: ಬಿದ್ದದ್ದನ್ನ ಒಂದೇ ನೋಟಕ್ಕೆ ಎಣಿಸಬೇಕು, ನಾಲ್ಕು ಕಾಯಿಯಲ್ಲಿ ಯಾವುದನ್ನ ನಡೆಸಬೇಕು ಅಂತ ಯೋಚಿಸಬೇಕು, ಅಕ್ಕ ಮೋಸ ಮಾಡಿದ್ರೆ ಜಗಳ ಆಡಬೇಕು, ಆಮೇಲೆ ಅದೇ ಅಕ್ಕನ ಜೊತೆ ಮುಂದಿನ ಆಟ ಹೂಡಬೇಕು.

2020ರಲ್ಲಿ ನಾವೆಲ್ಲ ಆಡಿದ್ದು ಲೂಡೋ ಕಿಂಗ್. ಲೂಡೋ ಅಂದ್ರೂ ಇದೇ ವಂಶ. ನಮ್ಮ ಪಚ್ಚೀಸಿಯನ್ನ ಸರಳ ಮಾಡಿ 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿದ್ದು. ಮುಂಬೈಗೆ ಪ್ಲೇಗ್ ಬಂದ ವರ್ಷವೇ, ಕಾಕತಾಳೀಯ ಅಷ್ಟೇ. ಆಪ್‌ನಲ್ಲಿ ದಾಳ ಉರುಳಿಸೋದು ಫೋನು, ಎಣಿಸೋದು ಫೋನು, ಕಾಯಿ ನಡೆಸೋದೂ ಫೋನು. ಮಗು ಮಾಡೋದು ಬೆರಳಿಂದ ಮುಟ್ಟೋದು. ದೊಡ್ಡವರಿಗೆ ಟೈಂಪಾಸ್ ಆಯ್ತು, ಸರಿ. ಎಣಿಕೆ ಕಲಿಯೋ ವಯಸ್ಸಿನವರಿಗೆ ಕಲಿಯೋ ಭಾಗವನ್ನೇ ತೆಗೆದು ಕೊಟ್ಟ ಹಾಗಾಯ್ತು.

ಈಗ 2020ರ ಜೂನಿಗೆ ಬರೋಣ. ಬೆಂಗಳೂರಿನಲ್ಲಿ ದೊಡ್ಡ ಚರ್ಚೆ: ಸಣ್ಣ ಮಕ್ಕಳಿಗೆ ಆನ್‌ಲೈನ್ ಕ್ಲಾಸ್ ಬೇಕಾ ಬೇಡ್ವಾ. ಆಗ ಶಿಕ್ಷಣ ಸಚಿವರು ಎಸ್. ಸುರೇಶ್ ಕುಮಾರ್. ಎಲ್‌ಕೆಜಿಯಿಂದ 5ನೇ ಕ್ಲಾಸಿನವರೆಗೆ ಆನ್‌ಲೈನ್ ಕ್ಲಾಸ್ ಬೇಡ ಅಂತ ಸರ್ಕಾರ ಹೇಳ್ತು, ಪ್ರೊ. ಎಂ.ಕೆ. ಶ್ರೀಧರ್ ಅವರ ಸಮಿತಿ ಕೂರಿಸ್ತು. ಜುಲೈ 8ಕ್ಕೆ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಡ್ತು. ಇಲಾಖೆ ಅದಕ್ಕೂ ಮುಂಚೆಯೇ ‘ಮಕ್ಕಳ ವಾಣಿ’ ಅಂತ ಯೂಟ್ಯೂಬ್ ಚಾನೆಲ್ ಮಾಡಿತ್ತು, ಕತೆ, ಹಾಡು, ಕರಕುಶಲ ಎಲ್ಲಾ ಇದ್ದದ್ದು. ಒಳ್ಳೇ ಕೆಲಸ, ಆದ್ರೆ ಮನೆಯಲ್ಲಿ ಇರೋ ಒಂದೇ ಸ್ಮಾರ್ಟ್‌ಫೋನ್ ಅಪ್ಪನ ಜೇಬಲ್ಲಿ ಹೊಲಕ್ಕೋ ಅಂಗಡಿಗೋ ಹೋಗಿರ್ತಿತ್ತು.

ನಮ್ಮ ಕಡೆ ಅದೇ ಜೂನ್ 21ರ ಸುಮಾರಿಗೆ ಮಣ್ಣೆತ್ತಿನ ಅಮಾಸಿ. ಭಾನುವಾರ ಸೂರ್ಯಗ್ರಹಣ ಬೇರೆ, ಅಂದ್ರೆ ಮಕ್ಕಳಿಗೆ ಡಬಲ್ ಲಾಕ್‌ಡೌನ್. ಹೈಕೋರ್ಟ್ ಆದೇಶದ ಹಿಂದಿನ ದಿನ, ಜುಲೈ 7, ಗುಳ್ಳವ್ವನ ಮೂರನೇ ಮಂಗಳವಾರ. ಒಂದು ಕಡೆ ನೆಟ್‌ವರ್ಕ್ ಬೇಕಾಗೋ ಪಾಠಕ್ಕೆ ವಾದ ವಿವಾದ, ಇನ್ನೊಂದು ಕಡೆ ನೆಟ್‌ವರ್ಕ್ ಬೇಡದ ಸಿಲಬಸ್ ತನ್ನ ಪಾಡಿಗೆ ನಡೀತಿತ್ತು. ಹಾಗಂತ ಹಳೇದನ್ನ ವಾಪಸ್ ತಂದ್ರೆ ಎಲ್ಲಾ ಸರಿ ಅನ್ನೋ ಮಾತಿಗೆ ನಾನು ಒಪ್ಪಲ್ಲ. ಮಣ್ಣು ಸಿಕ್ಕಿತು, ಎತ್ತು ಆಯ್ತು. ಆದ್ರೆ ಮಾರನೇ ದಿನ ಕುಂಟೆತ್ತು ಹಿಡ್ಕೊಂಡು ಹತ್ತು ಮಕ್ಕಳು ಮನೆ ಮನೆಗೆ ಹೋಗೋದು ಹೇಗೆ? ಆ ವರ್ಷ ಕೈಬಿಟ್ಟಿದ್ದು ಮಣ್ಣಲ್ಲ, ಓಣಿ.

ಶಾಲೆಯಲ್ಲೂ ಇದೇ ಕತೆ. ನಮ್ಮ ಸರ್ಕಾರಿ ಶಾಲೆಯ ಮೊದಲ ಮೂರು ಕ್ಲಾಸಿಗೆ ಇರೋದು ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ 2009ರಿಂದ ಇಡೀ ರಾಜ್ಯಕ್ಕೆ ಬಂದದ್ದು. ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡ್ ತಗೊಂಡು, ತನ್ನ ವೇಗಕ್ಕೆ ತಾನು ಏಣಿ ಹತ್ತೋ ಪದ್ಧತಿ. ಕಾರ್ಡ್ ಇರೋದು ಶಾಲೆಯಲ್ಲಿ, ಗುಂಪು ಇರೋದು ಶಾಲೆಯಲ್ಲಿ, ಮಗು ಮನೆಯಲ್ಲಿ. 2020ರ ಆಗಸ್ಟಲ್ಲಿ ವಿದ್ಯಾಗಮ ಬಂತು. ಮೇಷ್ಟ್ರು, ಟೀಚರುಗಳೇ ಓಣಿಗೆ ಬಂದು ಗುಡಿ ಕಟ್ಟೆ ಮೇಲೆ, ಮರದ ನೆರಳಲ್ಲಿ ಮಕ್ಕಳನ್ನ ಕೂರಿಸಿದ್ರು. ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಬಂದು ಅಕ್ಟೋಬರಲ್ಲಿ ಅದೂ ನಿಂತು ಹೋಯ್ತು. ಸಣ್ಣ ಮಕ್ಕಳಿಗೆ ಅದಾದ ಮೇಲೆ ಇನ್ನೊಂದು ವರ್ಷ ಮನೆಯೇ.

ಇಲ್ಲಿ ಒಬ್ಬರು ಇಟಲಿಯವರನ್ನ ಕರೀಬೇಕು, ಯಾಕಂದ್ರೆ ಮನೆಯಲ್ಲಿ ಸಿಕ್ಕಿಕೊಂಡ ಸ್ಥಿತಿ ಅವರಿಗೂ ಗೊತ್ತಿತ್ತು. ಮರಿಯಾ ಮಾಂಟೆಸರಿ. 1939ರಲ್ಲಿ ಮದ್ರಾಸಿನ ಅಡ್ಯಾರ್‌ಗೆ ಶಿಕ್ಷಕರ ತರಬೇತಿ ಕೊಡೋಕೆ ಬಂದ್ರು. 1940ರಲ್ಲಿ ಇಟಲಿ ಯುದ್ಧಕ್ಕೆ ಇಳೀತು, ಬ್ರಿಟಿಷರಿಗೆ ಇವರು ಶತ್ರು ದೇಶದವರಾದ್ರು. ಮಗನನ್ನ ಬಂಧಿಸಿದ್ರು, ಇವರ ಓಡಾಟಕ್ಕೆ ಕಟ್ಟು ಹಾಕಿದ್ರು. ಆಮೇಲೆ ಮಗನನ್ನ ಬಿಟ್ರು, ಅಮ್ಮ ಮಗ ಕೊಡೈಕೆನಾಲ್‌ನಲ್ಲಿ ಇದ್ದು ಮಕ್ಕಳ ಜೊತೆ ಕೆಲಸ ಮಾಡಿದ್ರು. ಯುರೋಪಿಗೆ ವಾಪಸ್ ಹೋಗಿದ್ದು 1946ರಲ್ಲಿ. ಅವರ ಪದ್ಧತಿಯ ಬುಡದಲ್ಲಿರೋದು ಇಷ್ಟು: ಸಣ್ಣ ಮಗುಗೆ ಆಟಿಕೆಗಿಂತ ನಿಜವಾದ ಕೆಲಸ ಇಷ್ಟ. ನೀರು ಸುರಿಯೋದು, ಕಾಳು ಆರಿಸೋದು, ಬಟ್ಟೆ ಮಡಚೋದು, ಮನೆಯವರು ಮಾಡೋದನ್ನೇ ತನ್ನ ಅಳತೆಗೆ ಮಾಡೋದು.

ನಿಜ. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯೋಕೆ ಕೂರಿಸಿದ ನಾಲ್ಕು ವರ್ಷದ ಮಗು ಎಷ್ಟು ಗಂಭೀರವಾಗಿ ಕೂರ್ತದೆ ಅಂತ ನೀವೂ ನೋಡಿರ್ತೀರಿ. ಆದ್ರೆ ಈ ಮಾತನ್ನ ಬ್ಯಾಡಗಿಯಲ್ಲಿ ಹೇಳುವಾಗ ನನಗೆ ಸ್ವಲ್ಪ ಹೆದರಿಕೆ ಆಗ್ತದೆ.

ಯಾಕೆ ಅಂತ ಹೇಳ್ತೀನಿ. ಬ್ಯಾಡಗಿ ಮೆಣಸಿನಕಾಯಿ ನಿಮಗೆ ಗೊತ್ತು. ಖಾರ ಕಮ್ಮಿ, ಬಣ್ಣ ಜಾಸ್ತಿ, ಮೈತುಂಬ ನೆರಿಗೆ. 2011ರಲ್ಲಿ ಜಿಐ ಟ್ಯಾಗ್ ಬಂತು. ಜನವರಿಯಿಂದ ಬೇಸಿಗೆಯವರೆಗೆ ಸೀಸನ್, ಊರ ತುಂಬ ಕೆಂಪು, ಗಾಳಿ ತುಂಬ ಘಾಟು. ಮಾರ್ಕೆಟ್ಟಿನಿಂದ ಪುಡಿ ಮಾಡೋ ಕಡೆಗೆ, ಬಣ್ಣ ತೆಗೆಯೋ ಫ್ಯಾಕ್ಟರಿಗೆ ಹೋಗೋ ಕಾಯಿಯ ತೊಟ್ಟು ಬಿಡಿಸಬೇಕು. ಆ ಕೆಲಸ ಹೆಂಗಸರದ್ದು. ಕೂಲಿ ಕೆಜಿ ಲೆಕ್ಕ. ಕೈ ಉರೀತದೆ, ಕಣ್ಣು ಉರೀತದೆ, ಸೀನು ನಿಲ್ಲಲ್ಲ. 2020ರ ಲಾಕ್‌ಡೌನ್ ಬಂದದ್ದು ಸರಿಯಾಗಿ ಈ ಸೀಸನ್ನಿನ ನಡುವೆ.

ರಾಣೆಬೆನ್ನೂರು ಕಡೆ ಬೀಜೋತ್ಪಾದನೆ. ಹತ್ತಿ, ಟೊಮ್ಯಾಟೊ, ಬೆಂಡೆ, ಹೈಬ್ರಿಡ್ ಬೀಜ ತಯಾರು ಮಾಡೋ ಹೊಲಗಳು. ಅಲ್ಲಿಯ ಕೆಲಸಕ್ಕೆ ಕ್ರಾಸಿಂಗ್ ಅಂತಾರೆ. ಹತ್ತಿಯಲ್ಲಾದ್ರೆ ಸಂಜೆ ಮೊಗ್ಗು ಬಿಡಿಸಿ ಪರಾಗದ ಭಾಗ ತೆಗೀಬೇಕು, ಮಾರನೇ ದಿನ ಬೆಳಗ್ಗೆ ಗಂಡು ಹೂವಿನ ಪುಡಿ ಮುಟ್ಟಿಸಬೇಕು. ಒಂದೊಂದೇ ಹೂವಿಗೆ, ಕೈಯಿಂದ. ಸಣ್ಣ ಬೆರಳು ಬೇಕಾಗೋ ಕೆಲಸ. ಹತ್ತಿ ಬೀಜದ ಹೊಲಗಳಲ್ಲಿ ಮಕ್ಕಳನ್ನ ದುಡಿಸೋದರ ಬಗ್ಗೆ ಕರ್ನಾಟಕ, ಆಂಧ್ರ, ಗುಜರಾತಿನಿಂದ ವರ್ಷಾನುಗಟ್ಟಲೆ ವರದಿ ಬಂದಿವೆ.

ಈಗ ಗುಳ್ಳವ್ವನಿಗೆ ಕಾಳು ಚುಚ್ಚೋ ಬೆರಳು, ಮೆಣಸಿನಕಾಯಿ ತೊಟ್ಟು ಮುರಿಯೋ ಬೆರಳು, ಹತ್ತಿ ಮೊಗ್ಗು ಬಿಡಿಸೋ ಬೆರಳು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ದೂರದಿಂದ ಫೋಟೋ ತೆಗೆದ್ರೆ ಮೂರೂ ಒಂದೇ. ಮೂರರಲ್ಲೂ ಮಗು ಚುರುಕಾಗಿದೆ, ಬ್ಯುಸಿ ಇದೆ, ಫೋನ್ ಕೇಳ್ತಿಲ್ಲ. ಎಂಗೇಜ್ ಮಾಡೋದೇ ಗುರಿ ಆದ್ರೆ ಮೂರಕ್ಕೂ ಫುಲ್ ಮಾರ್ಕ್ಸ್ ಕೊಡಬೇಕಾಗ್ತದೆ. ವ್ಯತ್ಯಾಸ ಇರೋದು ಲೆಕ್ಕದಲ್ಲಿ. ಗುಳ್ಳವ್ವ ಮುಗೀತು ಅಂತ ಹೇಳೋದು ಮಗು. ಬೇಜಾರಾದ್ರೆ ಎದ್ದು ಹೋಗಬಹುದು, ಕೆಟ್ಟರೆ ಮತ್ತೆ ಕಲಸಬಹುದು. ತೊಟ್ಟು ಮುಗೀತು ಅಂತ ಹೇಳೋದು ತಕ್ಕಡಿ. ಅಲ್ಲಿ ಮಗು ಎದ್ದು ಹೋದ್ರೆ ಅವ್ವನ ಕೂಲಿ ಕಡಿಮೆ ಆಗ್ತದೆ, ಅದು ಮಗುಗೂ ಗೊತ್ತು. ಲಾಕ್‌ಡೌನಿನಲ್ಲಿ ಅಪ್ಪನ ದುಡಿಮೆ ನಿಂತ ಮನೆಯಲ್ಲಿ ಅವ್ವನ ಪಕ್ಕ ಕೂತ ಮಗುವನ್ನ ನೋಡಿ ನಾನು ಆ ಅವ್ವನಿಗೆ ಉಪದೇಶ ಮಾಡಲಾರೆ. ಆದ್ರೆ ಅದನ್ನ ಆಕ್ಟಿವಿಟಿ ಅಂತ ಕರೆಯೋಕೂ ಆಗಲ್ಲ.

ಕಾನೂನು ಏನಂತದೆ? ಬಾಲಕಾರ್ಮಿಕ ಕಾಯ್ದೆ 1986ರದ್ದು, 2016ರಲ್ಲಿ ತಿದ್ದುಪಡಿ ಆಯ್ತು. 14ರೊಳಗಿನ ಮಕ್ಕಳನ್ನ ಯಾವ ಕೆಲಸಕ್ಕೂ ಇಟ್ಟುಕೊಳ್ಳೋ ಹಾಗಿಲ್ಲ. ಒಂದು ವಿನಾಯಿತಿ: ಅಪಾಯ ಇಲ್ಲದ ಮನೆತನದ ಕೆಲಸದಲ್ಲಿ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಕೈಜೋಡಿಸಬಹುದು. ಶಾಲೆ ಬಿಟ್ಟ ಮೇಲೆ. ಈ ಮೂರು ಪದದ ಮೇಲೆ ಇಡೀ ರಕ್ಷಣೆ ನಿಂತಿದೆ. ಬೆಳಗ್ಗೆ ಬೆಲ್ ಹೊಡೆದು ಸಂಜೆ ಬಿಡೋ ಶಾಲೆ ಇದೆ ಅಂತ ಅಂದುಕೊಂಡು ಬರೆದ ಕಾನೂನು ಅದು. 19 ತಿಂಗಳು ಬೆಲ್ಲೇ ಹೊಡೀಲಿಲ್ಲ ಅಂದ್ರೆ ಇಡೀ ದಿನ ಶಾಲೆ ಬಿಟ್ಟ ಮೇಲಿನ ಟೈಮೇ.

ನಷ್ಟದ ಬಾಬತ್ತು ಸ್ವಲ್ಪ ಅಂಕಿಯಲ್ಲೂ ಇದೆ. 2021ರ ಶುರುವಿನಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕ ಸೇರಿ ಐದು ರಾಜ್ಯದ 16,067 ಮಕ್ಕಳನ್ನ ನೋಡಿ ವರದಿ ಮಾಡ್ತು. ಶೇ. 92 ಮಕ್ಕಳು ಹಿಂದಿನ ವರ್ಷ ಬರ್ತಿದ್ದ ಭಾಷೆಯ ಒಂದಾದ್ರೂ ಸಾಮರ್ಥ್ಯ ಮರೆತಿದ್ರು, ಗಣಿತದಲ್ಲಿ ಶೇ. 82. ಗಮನಿಸಿ, ಹೊಸದು ಕಲೀಲಿಲ್ಲ ಅನ್ನೋದು ಬೇರೆ, ಬಂದಿದ್ದೇ ಹೋಯ್ತು ಅನ್ನೋದು ಬೇರೆ. ಅಸರ್ ಸಂಸ್ಥೆಯ ಕರ್ನಾಟಕ ಸಮೀಕ್ಷೆಯಲ್ಲೂ ಸಣ್ಣ ಕ್ಲಾಸಿನವರ ಓದು ಕುಸಿದಿದ್ದು ಕಂಡಿತು. 2022-23ರಲ್ಲಿ ಸರ್ಕಾರ ಕಲಿಕಾ ಚೇತರಿಕೆ ಅಂತ ಒಂದಿಡೀ ವರ್ಷ ಹಿಂದಿನ ಬಾಕಿ ತೀರಿಸೋಕೆ ಇಡ್ತು. ಅದೇ ವರ್ಷದ ಜನವರಿಯಲ್ಲಿ, 2023ರಲ್ಲಿ, ಕೊರೋನಾದಿಂದ ಮುಂದಕ್ಕೆ ಹೋಗಿದ್ದ 86ನೇ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲಿ ಆಯ್ತು, ನಾವೆಲ್ಲ ಸೆಲ್ಫಿ ತಗೊಂಡ್ವಿ. ಸಮ್ಮೇಳನವನ್ನ ಮುಂದಕ್ಕೆ ಹಾಕಬಹುದು. ಆರನೇ ವಯಸ್ಸನ್ನ ಹಾಕೋಕೆ ಬರಲ್ಲ.

2020ರ ಜೂನಲ್ಲಿ 1ನೇ ಕ್ಲಾಸಿಗೆ ಹೆಸರು ಹಚ್ಚಿದ ಮಗು ಎಸ್‌ಎಸ್‌ಎಲ್‌ಸಿ ಬರೆಯೋದು 2030ರಲ್ಲಿ. ಆ ಬ್ಯಾಚಿನವರು ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇದ್ದೇ ಇರ್ತಾರೆ. ಅವರನ್ನ ಕೇಳಿ, ಆಗ ಇಡೀ ದಿನ ಏನ್ ಮಾಡ್ತಿದ್ರಿ ಅಂತ. ಅವರು ಹೇಳಿದ್ದನ್ನ ವಾಯ್ಸ್ ನೋಟ್ ಮಾಡಿ ಕಳಿಸಿ, ಹೆಸರು ಬೇಡ, ಊರು ಸಾಕು. ಹಾಗೇ ಇನ್ನೊಂದು ಕೆಲಸ. ಚೌಕಾಬಾರಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ, ಹುಣಸೆಬೀಜ ನಾಲ್ಕೂ ಕವುಚಿ ಬಿದ್ರೆ ಎಷ್ಟು ಮನೆ ಕೊಡ್ತಾರೆ ಅಂತ ಅಜ್ಜಿಯನ್ನ ಕೇಳಿ ಕಳಿಸಿ. ನಮ್ಮನೆಯಲ್ಲಿ ಎಂಟು. ಪಕ್ಕದ ಮನೆಯವರು ಒಪ್ಪಲ್ಲ, ಆ ಜಗಳ ಇನ್ನೂ ನಡೀತಾ ಇದೆ.